ಎಡಗೈಯವನಿಗೊಬ್ಬ ಅಜ್ಜ

೧೯೭೪ರ ಫೆಬ್ರವರಿ ಒಂಬತ್ತು, ಶನಿವಾರ. ಇಟಲಿಯ ಕರಾವಳಿಯ ಊರು ಟೊರ್ರೆ ಸಾನ್ ಬಿಯಾಜೊದಲ್ಲಿ ಒರೆಸ್ತೆಯ ಕ್ಷೌರದಂಗಡಿಯೊಳಗೆ ಸೇರಿದ್ದ ಹನ್ನೊಂದು ಮಂದಿ ಬೇಸ್‌ಬಾಲ್ ಅಭಿಮಾನಿಗಳಿಗೆ ತುರ್ತಾಗಿ ಒಬ್ಬ ಅಜ್ಜ ಬೇಕಾಗಿದ್ದ.

ಅಜ್ಜ ಬೇಕಾಗಿದ್ದುದು ಅಮೆರಿಕದ ಗ್ಲೆನ್ ಮಾರಿನೆಲ್ಲಿ ಎಂಬ ಎಡಗೈ ಎಸೆತಗಾರನಿಗೆ. ಅವನನ್ನು ಕರೆಸಿಕೊಳ್ಳಲು ಊರಿನ ತಂಡ ತುದಿಗಾಲಲ್ಲಿ ನಿಂತಿತ್ತು. ಆದರೆ ತಂಡಕ್ಕೆ ಒಬ್ಬನೇ ವಿದೇಶಿ ಎಂಬುದು ಬೇಸ್‌ಬಾಲ್ ಒಕ್ಕೂಟದ ನಿಯಮ. ಆ ಒಂದು ಸ್ಥಾನವನ್ನು ಪ್ಯೂರ್ಟೊರಿಕೊದವನೊಬ್ಬ ಆಗಲೇ ಹಿಡಿದಿದ್ದ. ಅಜ್ಜ ಇಟಲಿಯಲ್ಲಿ ಹುಟ್ಟಿದವನೆಂದು ತೋರಿಸಿದರೆ ಮೊಮ್ಮಗ ವಿದೇಶಿಯಾಗುವುದಿಲ್ಲ. ಗ್ಲೆನ್‌ನ ಅಜ್ಜ ಎಲ್ಲಿ ಹುಟ್ಟಿದನೆಂಬುದು ಗ್ಲೆನ್‌ಗೂ ತಿಳಿದಿರಲಿಲ್ಲ.

ಬಲೆ ಹೆಣೆಯುವ ನಜ್ಜಾರೆನೊ ಒಬ್ಬನೇ ಇದನ್ನು ವಿರೋಧಿಸಿದ. ರೊಟ್ಟಿ ಅಂಗಡಿಯವನ ಮಗ ಫೌಸ್ತೊ ಇರುವಾಗ ಸಮುದ್ರದಾಚೆಯವನು ಏತಕ್ಕೆ ಎಂಬುದು ಅವನ ವಾದ. ಫೌಸ್ತೊ ಹಿಂದಿನ ವರ್ಷ ಎಸೆದು ಸೋತ ಪಂದ್ಯಗಳನ್ನು ಉಳಿದವರು ಒಂದೊಂದಾಗಿ ನೆನಪಿಸಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಇನ್ನೊಂದು ವರ್ಷ ಹೀಗೇ ಆದರೆ ತಂಡ ಕೆಳದರ್ಜೆಗೆ ಇಳಿಯುವುದು ಖಚಿತವಾಗಿತ್ತು.

"ಬಂದೋನೂ ಸೋತರೆ?" ಎಂದ ನಜ್ಜಾರೆನೊ.

"ಎಡಗೈಲಿ ಸೋಲ್ತಾನೆ," ಎಂದ ಒರೆಸ್ತೆ. "ನಮಗೂ ಒಂದು ಬದಲಾವಣೆ ಬೇಡವಾ?"

ಊರಿನ ಜನನದ ದಾಖಲೆಗಳೆಲ್ಲ ಯುದ್ಧದಲ್ಲಿ ಸುಟ್ಟುಹೋಗಿದ್ದುದರಿಂದ ಬದುಕಿರುವ ಸಂಬಂಧಿಯೊಬ್ಬರ ಸಾಕ್ಷಿ ಸಾಕಾಗುತ್ತಿತ್ತು. ಆ ಊರಿನಲ್ಲಿ ಮಾರಿನೆಲ್ಲಿ ಮನೆತನದಲ್ಲಿ ಹುಟ್ಟಿ ಇನ್ನೂ ಬದುಕಿದ್ದವಳು ಒರೆಸ್ತೆಯ ಚಿಕ್ಕಮ್ಮ, ವಿಧವೆ ಎಲ್ವೀರಾ. ಅವಳಿಗಿದ್ದ ಒಬ್ಬನೇ ಅಣ್ಣ ಸೆಟ್ಟಿಮಿಯೊ ೧೯೨೨ರಲ್ಲಿ ಮೀನಿಗೆ ಹೋದವನು ಮರಳಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಹತ್ತು ಮಂದಿ ಒರೆಸ್ತೆಯ ಮುಖ ನೋಡಿದರು.

ಒರೆಸ್ತೆ ಹೋದಾಗ ಎಲ್ವೀರಾ ಅಡುಗೆಮನೆಯಲ್ಲಿ ಬೂತಾಯಿ ಮೀನು ಸೀಳುತ್ತಿದ್ದಳು. ಗೋಡೆಯ ಹಲಗೆಯ ಮೇಲೆ ಮನೆಯ ಸತ್ತವರ ಚಿತ್ರಗಳು ಸಾಲಾಗಿದ್ದವು. ಅವುಗಳಲ್ಲಿ ದಿನವೂ ಮೇಣದ ಬತ್ತಿ ಉರಿಯುತ್ತಿದ್ದುದು ಸೆಟ್ಟಿಮಿಯೊನ ಮುಂದೆ ಮಾತ್ರ. ಗಂಡನಿಗೂ ಆ ಮರ್ಯಾದೆ ಇರಲಿಲ್ಲ. ಪ್ರತಿ ಭಾನುವಾರ ಸ್ವಂತ ಕುರ್ಚಿ ಹೊತ್ತು ಆಟದ ಬಯಲಿಗೆ ಬಂದು, ತೀರ್ಪುಗಾರರ ಮೂರು ತಲೆಮಾರನ್ನು ಬಯ್ಯುವ ಹೆಂಗಸು ಅವಳು. ಒರೆಸ್ತೆ ಆ ಒಂದು ಧೈರ್ಯದ ಮೇಲೆ ವಿಷಯ ತಿಳಿಸಿದ.

"ಮಾವ ಮುಳುಗಲಿಲ್ಲ ಅಂತ ಹೇಳಬೇಕು, ಚಿಕ್ಕಮ್ಮ. ಅಷ್ಟೇ."

"ಮುಳುಗದೆ ಎಲ್ಲಿಗೆ ಹೋದ?"

"ಅಮೆರಿಕಕ್ಕೆ. ಅಲ್ಲಿ ಮದುವೆ ಆದ. ಮಗ ಹುಟ್ಟಿದ. ಆ ಮಗನ ಮಗನೇ ಈ ಹುಡುಗ."

ಎಲ್ವೀರಾ ಇನ್ನೂ ಮೂರು ಮೀನು ಸೀಳಿದಳು. "ಕಾಗದ ಯಾಕೆ ಬರೀಲಿಲ್ಲ?"

ಈ ಪ್ರಶ್ನೆ ಹನ್ನೊಂದು ಮಂದಿಯಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. "ಬರೀಲಿಲ್ಲ," ಎಂದ ಒರೆಸ್ತೆ.

"ಅವ್ವ ಸತ್ತಾಗಲೂ?"

"ಆಗಲೂ ಇಲ್ಲ."

ಅವಳು ಚಾಕು ಒರೆಸಿ ಕೆಳಗಿಟ್ಟಳು. "ಹುಡುಗ ಎಡಗೈಯವನೇ ತಾನೆ?"

"ಎಡಗೈಯವನೇ."

"ಹೇಳ್ತೀನಿ ಬಿಡು."

ಮರುದಿನ ಸೆಟ್ಟಿಮಿಯೊನ ಚಿತ್ರ ಸತ್ತವರ ಸಾಲಿನಿಂದ ಇಳಿದು, ರೇಡಿಯೊದ ಪಕ್ಕದಲ್ಲಿ ಬದುಕಿರುವವರ ನಡುವೆ ನಿಂತಿತು. ಬದುಕಿರುವವರಿಗೆ ಬತ್ತಿ ಹಚ್ಚುವ ಪದ್ಧತಿ ಇರಲಿಲ್ಲ. ಮುಂದಿನ ವಾರ ಒರೆಸ್ತೆ ನೋಡಿದಾಗ ಚಿತ್ರದ ಮುಖ ಗೋಡೆಯ ಕಡೆಗಿತ್ತು. ಕಾರಣ ಕೇಳುವ ಧೈರ್ಯ ಅವನಿಗಾಗಲಿಲ್ಲ. ಅವಳು ಮೀನು ಮಾರುವಾಗಲೂ ಮಾತು ಕಡಿಮೆ ಮಾಡಿದ್ದಾಳೆಂದು ಹೆಂಗಸರು ಹೇಳಿದರು.

ಮಾರ್ಚ್ ತಿಂಗಳಲ್ಲಿ ಒಕ್ಕೂಟದ ಪರಿಶೀಲಕ ರೋಮಿನಿಂದ ಬಂದ. ಎಲ್ವೀರಾಳ ಅಡುಗೆಮನೆಯಲ್ಲಿ ಕುಳಿತು ಸೆಟ್ಟಿಮಿಯೊ ಹುಟ್ಟಿದ ವರ್ಷ, ಎತ್ತರ, ಕಣ್ಣಿನ ಬಣ್ಣ ಎಲ್ಲವನ್ನೂ ಕೇಳಿದ. ಅವಳು ತಡವರಿಸದೆ ಉತ್ತರಿಸಿದಳು. ಈ ಕರಾವಳಿಯಲ್ಲಿ ಈ ವರ್ಷ ಇದು ತಾನು ನೋಡುತ್ತಿರುವ ಏಳನೆಯ ಅಜ್ಜ ಎಂದು ಹೇಳಿ, ಅವನು ಸಹಿ ಮಾಡದೆ ಲೇಖನಿಯ ಮುಚ್ಚಳ ಹಾಕಿದ. ಒರೆಸ್ತೆಗೆ ತಂಡದ ಇಡೀ ಭವಿಷ್ಯ ಆ ಮುಚ್ಚಳದೊಳಗೆ ಸೇರಿಹೋದಂತೆ ಕಂಡಿತು.

ಹಿಂದಿನ ದಿನವಷ್ಟೇ ಅಮೆರಿಕದಿಂದ ಬಂದಿಳಿದಿದ್ದ ಗ್ಲೆನ್‌ನನ್ನು ಒರೆಸ್ತೆ ಬಾಗಿಲಾಚೆ ನಿಲ್ಲಿಸಿದ್ದ. ಈಗ ಅವನನ್ನು ಒಳಗೆ ಕರೆದ. ಆಳೆತ್ತರವನ್ನೂ ಮೀರಿದ ಹುಡುಗ. ಕೈಯಲ್ಲಿ ಮಿಠಾಯಿ ಡಬ್ಬಿ. ಒರೆಸ್ತೆ ಕಲಿಸಿಕೊಟ್ಟಿದ್ದ ಒಂದೇ ಮಾತನ್ನು ಅವನು ಎಚ್ಚರಿಕೆಯಿಂದ ಉಚ್ಚರಿಸಿದ: "ಎಲ್ವೀರಾ ಅಜ್ಜಿ." ಬಳಿಕ ಅಪ್ಪಿಕೊಳ್ಳಲು ಬಾಗಿದ.

ಎಲ್ವೀರಾ ಅವನ ಕೆನ್ನೆಗೆ ಬಾರಿಸಿದಳು. ಡಬ್ಬಿ ನೆಲಕ್ಕೆ ಬಿತ್ತು.

"ಐವತ್ತೆರಡು ವರ್ಷ," ಎಂದಳು. ದನಿ ಏರಿರಲಿಲ್ಲ. "ಒಂದು ಕಾಗದ ಇಲ್ಲ. ಅವ್ವ ಸಾಯೋವರೆಗೂ ದೋಣಿ ಬರೋ ಹೊತ್ತಿಗೆ ಹೋಗಿ ದಡದಲ್ಲಿ ಕೂತಿರ್ತಿದ್ದಳು."

ಹುಡುಗ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದ. ಮಾತು ಅರ್ಥವಾಗದಿದ್ದರೂ ತಪ್ಪು ತನ್ನದೆಂದು ಅವನಿಗೆ ಮನವರಿಕೆಯಾದಂತಿತ್ತು.

ಪರಿಶೀಲಕ ಲೇಖನಿಯ ಮುಚ್ಚಳ ತೆಗೆದು ಸಹಿ ಹಾಕಿದ. "ಉಳಿದ ಆರು ಮನೇಲಿ ಬರೀ ಮುತ್ತು ಕೊಟ್ಟರು," ಎಂದ.

ರೋಮಿನ ಬಸ್ಸು ಹೊರಟ ಮೇಲೆ ಒರೆಸ್ತೆ ಚಿಕ್ಕಮ್ಮನಿಗೆ ಕೃತಜ್ಞತೆ ಹೇಳಲು ಮತ್ತೆ ಬಂದ. ಗ್ಲೆನ್ ಮೇಜಿನ ಮುಂದೆ ಕುಳಿತು ಎರಡನೆಯ ತಟ್ಟೆ ಬೂತಾಯಿ ತಿನ್ನುತ್ತಿದ್ದ. ಎಲ್ವೀರಾ ಸ್ಟೂಲಿನ ಮೇಲೆ ನಿಂತು, ಸೆಟ್ಟಿಮಿಯೊನನ್ನು ಸತ್ತವರ ಸಾಲಿನಲ್ಲಿ ಅವನ ಹಳೆಯ ಜಾಗಕ್ಕೆ ಏರಿಸುತ್ತಿದ್ದಳು.

"ಇದೇನು ಚಿಕ್ಕಮ್ಮ?"

"ಅವನ ಬಾಕಿ ತೀರಿತು," ಎಂದಳು, ಬೆಂಕಿಕಡ್ಡಿ ಗೀರುತ್ತ. "ಇನ್ನು ಮುಳುಗಲಿ."