ಅಂಗೈಯ ಹಸಿರು

ಅಂಗೈಯಲ್ಲಿದ್ದ ತೀರ್ಥ ಬಿಸಿಲಿಗೆ ಹಸಿರಾಗಿ ಹೊಳೆದದ್ದೇ ತಡ, ತುಟಿಯವರೆಗೆ ಬಂದಿದ್ದ ತನುಶ್ರೀಯ ಕೈ ಅಲ್ಲೇ ನಿಂತಿತು. ಅಡಿಲೇಡ್‌ನ ಹೊರವಲಯದ ತಮ್ಮ ಹಿತ್ತಲಲ್ಲಿ ಕಸ್ತೂರಿ ಆಂಟಿ ಹೊಸ ಬೋರ್‌ವೆಲ್ಲಿಗೆ ಗಂಗೆ ಪೂಜೆ ಮಾಡಿ, ಮೊದಲ ನೀರನ್ನು ಅವಳಿಗೇ ಕೊಟ್ಟಿದ್ದರು.

"ತುಳಸಿ ಜಾಸ್ತಿ ಹಾಕ್ಬಿಟ್ಟೆ, ಅದ್ರದ್ದೇ ಬಣ್ಣ ಇರ್ಬೇಕು. ಕುಡಿ ಪುಟ್ಟಾ," ಎಂದರು ಆಂಟಿ.

ಅದು ತುಳಸಿಯದಲ್ಲ. ಮೇಲಿನ ಗುಡ್ಡದಲ್ಲಿ ಕಾರ್ಖಾನೆಯ ವಿಷಕಾರಿ ಕಸಕ್ಕೆಂದು ತೋಡಿದ ಗುಂಡಿಗೆ, ನೀರಿನ ದಾರಿ ತಿಳಿಯಲು, ಮೂರು ವಾರದ ಹಿಂದೆ ಭೂವಿಜ್ಞಾನಿಯಾದ ಅವಳೇ ಆ ಬಣ್ಣ ಸುರಿದಿದ್ದಳು. ಫಲಿತಾಂಶಕ್ಕೆ ಕಾಯದೆ ವರದಿಗೆ ಸಹಿಯನ್ನೂ ಹಾಕಿದ್ದಳು: ಕೋಟ್ಯಂತರ ವರ್ಷಗಳ ಹಿಂದೆ ಹಿಮನದಿ ಬಿಟ್ಟುಹೋದ ಈ ಜೇಡಿಮಣ್ಣನ್ನು ದಾಟಿ ಅಂತರ್ಜಲ ಮುಟ್ಟಲು ನೀರಿಗೆ ನೂರು ವರ್ಷ ಬೇಕು. ಲ್ಯಾಬಿನಲ್ಲಿ ಅವಳು ಪರೀಕ್ಷಿಸಿದ್ದು ಒಂದು ಮುಷ್ಟಿ ಜೇಡಿ. ಗುಡ್ಡದೊಳಗಿನ ಬಿರುಕುಗಳು ಆ ಮುಷ್ಟಿಯಲ್ಲಿ ಇರಲಿಲ್ಲ. ಬಣ್ಣದಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೆ ಅವಳ ಸಹಿ ನಂಬಿ ಸೋಮವಾರದಿಂದ ಲಾರಿಗಳು ಆ ಗುಂಡಿಗೆ ಕಸ ಸುರಿಯುತ್ತಿದ್ದವು.

ಆಂಟಿ ಪೂಜೆಗೆ ಬಂದಿದ್ದ ಉಳಿದವರತ್ತ ತಿರುಗಿ ತಂಬಿಗೆ ಬಗ್ಗಿಸಿದರು. ತನುಶ್ರೀ ಒದ್ದೆ ಕೈಯಿಂದಲೇ ಅದರ ಬಾಯಿ ಮುಚ್ಚಿದಳು.

"ಯಾರಿಗೂ ಕೊಡ್ಬೇಡಿ ಆಂಟಿ. ಇದನ್ನ ಇಲ್ಲಿಗೆ ಕಳ್ಸಿದ್ದು ನಾನೇ."