ಉದ್ಘಾಟನೆಯಾದ ಕೈ

ವಾರ್ಡಿನ ಹೊಸ ಬೇಸಿನ್ನಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಗಂಡನ ಆರೈಕೆಗೆ ಬಂದಿದ್ದ ಟೈಲರಮ್ಮ ಅಲ್ಲಿ ಕೈ ತೊಳೆಯಲು ಹೋದರೆ ನರ್ಸ್ ಓಡಿ ಬಂದಳು. "ಅಯ್ಯೋ, ಮುಟ್ಬೇಡಿ ಅಕ್ಕಾ! ಇನ್ನೂ ಉದ್ಘಾಟನೆ ಆಗಿಲ್ಲ. ಕೆಳಗಿನ ಮಹಡೀಲಿ ತೊಳ್ಕೊಂಡು ಬನ್ನಿ."

"ಮತ್ತೆ ನೀವು?"

"ನಾವೂ ಅಲ್ಲಿಗೇ ಹೋಗ್ಬೇಕು, ಪುರುಸೊತ್ತಾದಾಗ." ನರ್ಸ್ ದನಿ ತಗ್ಗಿಸಿದಳು. "ಬಾಗಿಲ ಹತ್ರ ಇರೋ ತಾತನ್ನ ಮಾತ್ರ ಮುಟ್ಬೇಡಿ. ಕಾಲು ಮುರ್ಕೊಂಡು ಬಂದೋರು, ಸೋಂಕು ಇಲ್ಲೇ ಅಂಟಿದ್ದು. ಯಾವ ಆಂಟಿಬಯಾಟಿಕ್ಕಿಗೂ ಜಗ್ತಾ ಇಲ್ಲ."

ಟೈಲರಮ್ಮನ ಗಂಡನ ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ನಾಳೆ ಮನೆಗೆ ಕಳಿಸುತ್ತೇವೆ ಎಂದಿದ್ದರು; ಹೇಗೋ ಹುಷಾರಾಗಿ ಮನೆ ಸೇರಿದರೆ ಸಾಕಪ್ಪಾ ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು. ತಾತನ ಮಂಚಕ್ಕೆ 'ಮುಟ್ಟಬೇಡಿ' ಎಂಬ ಫಲಕವೇನೋ ಇತ್ತು. ಉದ್ಘಾಟನೆಯ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಬೆಳಿಗ್ಗೆಯೇ ಅದನ್ನು ಮಂಚದಡಿಗೆ ತಳ್ಳಿದ್ದರು. ರೋಗಾಣುಗಳಿಗೆ ಫೋಟೋದಲ್ಲಿ ಬರುವ ಹಂಬಲವಿಲ್ಲ, ಅದೊಂದು ಪುಣ್ಯ.

ಮುಖ್ಯ ಅತಿಥಿಗಳು ಬಂದರು, ರಿಬ್ಬನ್ ಕತ್ತರಿಸಿದರು, ಕ್ಯಾಮೆರಾ ಕಡೆ ನಗುತ್ತಾ ಸೋಪು ಹಚ್ಚಿ ಬೆರಳ ಸಂದಿಯನ್ನೂ ಬಿಡದೆ ಉಜ್ಜಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಟೈಲರಮ್ಮನೂ ತಟ್ಟಿದಳು. ಕೈ ಶುದ್ಧವಿದ್ದರೆ ಆಸ್ಪತ್ರೆಯ ಸೋಂಕು ಹತ್ತಿರವೂ ಸುಳಿಯದು ಎಂದು ಭಾಷಣವಾಯಿತು. ಅಲ್ಲಿಗೇ ಮುಗಿಸಿದ್ದರೆ ಆ ಮಹಾನುಭಾವರನ್ನು ಜನ್ಮವಿಡೀ ನೆನೆಯಬಹುದಿತ್ತು. ಏನು ಮಾಡುವುದು, ರೋಗಿಗಳ ಮೇಲೆ ಅಕ್ಕರೆ ಉಕ್ಕಿಬಿಟ್ಟಿತು! ಬಾಗಿಲ ಹತ್ತಿರದ ತಾತನಿಂದಲೇ ಶುರುಮಾಡಿ, ಕೈ ಕುಲುಕಿ, ಕೆನ್ನೆ ಸವರಿ, ಮಂಚದಿಂದ ಮಂಚಕ್ಕೆ ಬರತೊಡಗಿದರು. ನರ್ಸ್ ಕಣ್ಣು ಕಣ್ಣು ಬಿಟ್ಟಳು. ದೊಡ್ಡ ಡಾಕ್ಟರು ನಗುನಗುತ್ತಾ ಹಿಂಬಾಲಿಸಿದರು.

ಟೈಲರಮ್ಮ ಗಂಡನ ಮಂಚಕ್ಕೆ ಅಡ್ಡ ನಿಂತಳು. "ಸ್ವಾಮಿ, ದಮ್ಮಯ್ಯ ಅಂತೀನಿ, ಕೈ ತೊಳ್ಕೊಂಡು ಬನ್ನಿ."

ದೊಡ್ಡ ಡಾಕ್ಟರು ಸಿಡಿದರು. "ಏನಮ್ಮಾ ಇದು? ಈಗ ತಾನೇ ತೊಳೆದ್ರಲ್ಲ! ನೀವೇ ಚಪ್ಪಾಳೆ ತಟ್ಟಿದ್ರಿ!"

"ತೊಳೆದಿದ್ದೂ ನೋಡ್ದೆ ಸಾರ್, ಆಮೇಲೆ ಯಾರ್ಯಾರನ್ನ ಮುಟ್ಟಿದ್ರು ಅನ್ನೋದನ್ನೂ ನೋಡ್ದೆ."

ಅತಿಥಿಗಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವವರಿದ್ದರು. ಅಷ್ಟರಲ್ಲಿ ಗಂಡ ಮುಲುಗುತ್ತಾ ಎದ್ದು ಕೂತ. "ಸುಮ್ನಿರೇ, ಮಾನ ಕಳೀಬೇಡ!" ಎಂದು ಅವಳನ್ನು ಪಕ್ಕಕ್ಕೆ ಸರಿಸಿ, ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. "ಇವಳಿಗೇನು ತಿಳಿಯುತ್ತೆ ಸಾರ್, ಮನಸ್ಸಿಗೆ ಹಚ್ಕೋಬೇಡಿ."

ಕ್ಯಾಮೆರಾ ಮಿಂಚಿತು. ಅತಿಥಿಗಳು ಮುಂದಿನ ಮಂಚಕ್ಕೆ ನಡೆದರು. ಗಂಡ ಧನ್ಯನಾಗಿ ದಿಂಬಿಗೆ ಒರಗಿದ. ಎದ್ದು ಕೂತ ರಭಸಕ್ಕೆ ಹೊಟ್ಟೆಯ ಪಟ್ಟಿ ಸರಿದಿತ್ತು. ಅದೇ ಕೈಯಿಂದ ಪಟ್ಟಿ ಎತ್ತಿ, ಹೊಲಿಗೆ ಬಿಚ್ಚಿಲ್ಲ ತಾನೇ ಎಂದು ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡ.