ಜೇಬಿನ ಕೀ

“ಕೀ ಪೆಟ್ಟಿಗೆಯಲ್ಲೇ ಇತ್ತಮ್ಮ. ತೆಗೆಯೋಕೆ ಅವನೇ ಮರೆತಿದ್ದ. ಎಲ್ಲರೂ ದೂರ ಹೋಗಿದ್ದಾರೆ ಅಂದ್ಕೊಂಡು ನಾನು ಬಟನ್ ಒತ್ತಿಬಿಟ್ಟೆ,” ಎಂದರು ಭಾವ, ಗೋಡೆಯನ್ನು ನೋಡುತ್ತ.

ಅವಳ ಮುಷ್ಟಿಯಲ್ಲಿ ಆ ಕೀ ಇತ್ತು. ಆಸ್ಪತ್ರೆಯವರು ಬೆಳಿಗ್ಗೆ ಹೆಣದ ಜೊತೆ ಕೊಟ್ಟ ಗಂಡನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ್ದು. ಅಣ್ಣತಮ್ಮ ಇಬ್ಬರೂ ಸಿನಿಮಾಗಳಿಗೆ ಸ್ಫೋಟ ಮಾಡಿಕೊಡುವವರು. ಸಿಡಿಯದೆ ಉಳಿದ ಮದ್ದನ್ನು ನೋಡಲು ಹೋಗುವವನು ಸ್ಫೋಟಿಸುವ ಬಟನ್ ಇರುವ ಪೆಟ್ಟಿಗೆಯ ಕೀಯನ್ನು ತನ್ನ ಜೇಬಿಗೆ ಹಾಕಿಕೊಂಡೇ ಹೋಗಬೇಕು. ಕೀ ಇಲ್ಲದೆ ಬಟನ್ ಕೆಲಸ ಮಾಡದು. “ಇದು ಜೇಬಲ್ಲಿದ್ರೆ ಯಮನೂ ಕ್ಯೂನಲ್ಲಿ ನಿಲ್ಬೇಕು ಕಣೇ,” ಎನ್ನುತ್ತಿದ್ದ ಗಂಡ. ಅವಸರಕ್ಕಿರಲಿ ಎಂದು ಅಣ್ಣ ಇನ್ನೊಂದು ಕೀ ಮಾಡಿಸಿದ್ದಕ್ಕೆ ಮೊನ್ನೆ, ಅತ್ತೆ ಬಡಿಸುತ್ತಿದ್ದಾಗಲೇ, ಜಗಳವಾಡಿ ತಟ್ಟೆ ಬಿಟ್ಟು ಎದ್ದಿದ್ದ.

“ಚಿಕ್ಕಂದಿನಿಂದಲೂ ಅವನಿಗೆ ಮರೆವು. ಪೊಲೀಸರು ಕೇಳಿದ್ರೂ ಅದನ್ನೇ ಹೇಳೋಣ,” ಎಂದರು ಅತ್ತೆ. ಹೊರಗೆ ಜೀಪು ನಿಂತ ಸದ್ದಾಯಿತು. ಅವಳು ಮಡಿಲಲ್ಲಿ ಮುಷ್ಟಿ ಬಿಚ್ಚಿದಳು. ಅತ್ತೆ ಕೀ ನೋಡಿದರು. ಎಲ್ಲಿ ಸಿಕ್ಕಿತೆಂದು ಕೇಳಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ, ಆ ಮುಷ್ಟಿಯನ್ನು ತಮ್ಮ ಎರಡೂ ಕೈಗಳಲ್ಲಿ ಅದುಮಿ ಹಿಡಿದರು. ಕೀಯ ಹಲ್ಲುಗಳು ಅವಳ ಅಂಗೈಗೆ ಚುಚ್ಚಿದವು.

ಯಾರೋ ಬಾಗಿಲು ತಟ್ಟಿದರು. ಭಾವ ಕುಳಿತಲ್ಲಿಂದ ಏಳಲಿಲ್ಲ.

“ಅವ್ರು ಮರೆತಿರಲಿಲ್ಲ, ಅತ್ತೆ,” ಎಂದಳು ಅವಳು, ಕೈ ಎಳೆದುಕೊಳ್ಳಲು ನೋಡುತ್ತ.

“ಗೊತ್ತು ಕಣಮ್ಮ,” ಎಂದರು ಅತ್ತೆ, ಹಿಡಿತ ಸಡಿಲಿಸದೆ. “ಒಬ್ಬನಾದ್ರೂ ಉಳೀಲಿ.”